ಮಗನಿಗೂ ಮಗಳಿಗೂ ವಾಲಿಬಾಲ್



ಬೇಸಿಗೆಯ ರಜೆ ಬಂದೊಡನೆ ಮಾಗಡಿ, ಕುಣಿಗಲ್, ನೆಲಮಂಗಲದ ಕಡೆಯ ಮಕ್ಕಳು ಬೆಂಗಳೂರಿನ ರಾಜಾಜಿನಗರದಲ್ಲಿರುವ ಸೋದರಮಾವನ ಮನೆಗೋ ಚಿಕ್ಕಮ್ಮನ ಮನೆಗೋ ಹೋಗುವುದುಂಟು. ನಗರದ ಅಂತಹ ಬಡಾವಣೆಗಳಲ್ಲಿ ಆ ದಿನಗಳಲ್ಲಿ ಮಕ್ಕಳಿಗೆ ಆಟ ಕಲಿಸುವ ಶಿಬಿರಗಳು ನಡೆಯುತ್ತವೆ. ಅಲ್ಲಿ ಹದಿನೈದು ದಿನ ವಾಲಿಬಾಲ್ ಕಲಿತ ಮಗು ಊರಿಗೆ ಮರಳಿ, “ಅಪ್ಪಾ, ನಮ್ಮಲ್ಲೂ ಒಂದು ಬಲೆ ಕಟ್ಟಿಸು” ಎನ್ನುತ್ತದೆ. ಕೇಳಿದವನು ಮಗನಾದರೆ ತಂದೆ ನಕ್ಕು ಒಪ್ಪುತ್ತಾನೆ. ಕೇಳಿದವಳು ಹನ್ನೆರಡು ವರ್ಷದ ಮಗಳಾದರೆ ಮನೆಯಲ್ಲಿ ಮೌನ ಕವಿಯುತ್ತದೆ. ಆ ಮೌನವನ್ನು ಕುರಿತೇ ಇಂದು ಕೆಲವು ಮಾತು ಹೇಳಬೇಕೆಂದಿದ್ದೇನೆ.

ಮೊದಲು ಆಟದ ವಿಷಯ. 1895ರಲ್ಲಿ ಅಮೆರಿಕದ ವಿಲಿಯಂ ಮಾರ್ಗನ್ ಎಂಬ ವ್ಯಾಯಾಮ ಶಿಕ್ಷಕರು ಇದನ್ನು ರೂಪಿಸಿದರು. ಮೈಗೆ ಮೈ ತಾಗಿಸಿ ನೂಕಾಡುವ ಆಟ ತಮಗೆ ಒಗ್ಗದೆಂಬ ವಯಸ್ಕರಿಗಾಗಿ ಹುಟ್ಟಿದ ಆಟವಿದು. ನಡುವೆ ಬಲೆಯಿರುವುದರಿಂದ ಎದುರಾಳಿಗಳು ಡಿಕ್ಕಿ ಹೊಡೆಯುವ ಸಂದರ್ಭ ಬಹಳ ಕಡಿಮೆ. 1964ರ ಟೋಕಿಯೋ ಒಲಿಂಪಿಕ್ಸಿನಲ್ಲಿ ಇದಕ್ಕೆ ಮೊದಲ ಬಾರಿಗೆ ಸ್ಥಾನ ದೊರೆಯಿತು. ಅಂದು ಸ್ತ್ರೀಯರ ವಿಭಾಗದಲ್ಲಿ ಚಿನ್ನ ಗೆದ್ದ ಜಪಾನ್ ತಂಡದ ಹೆಚ್ಚಿನ ಆಟಗಾರ್ತಿಯರು ಒಂದು ನೂಲಿನ ಗಿರಣಿಯ ತಂಡದವರು; ಸಿರಿವಂತರ ಮಕ್ಕಳಲ್ಲ.

ದೊಡ್ಡವರ ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. ಬಲೆಯ ಎತ್ತರ ಪುರುಷರಿಗೆ 2.43 ಮೀಟರ್, ಸ್ತ್ರೀಯರಿಗೆ 2.24 ಮೀಟರ್. ಎಂಟು ಒಂಬತ್ತು ವರ್ಷದ ಮಗುವನ್ನು ಅದರಲ್ಲಿ ನಿಲ್ಲಿಸುವುದು ಎಳೆಗರುವಿಗೆ ನೊಗ ಹೂಡಿದಂತೆ. ಆದುದರಿಂದ ಕಲಿಕೆಯ ಶಿಬಿರಗಳಲ್ಲಿ ಅಂಕಣವನ್ನು ಕಿರಿದುಗೊಳಿಸಿ, ಬಲೆಯನ್ನು ಇಳಿಸಿ, ಆರು ಮಂದಿಯ ಬದಲು ಮೂವರು ನಾಲ್ವರ ತಂಡ ಮಾಡಿ, ಹಗುರವಾದ ಚೆಂಡನ್ನು ಕೊಡುತ್ತಾರೆ. ಇಷ್ಟನ್ನು ನೀವು ನಿಮ್ಮ ಕಣದಲ್ಲಿಯೇ ಮಾಡಬಹುದು. ಎರಡು ಗಳುಗಳ ನಡುವೆ, ಮಗು ಕೈಯೆತ್ತಿದರೆ ಬೆರಳು ತಾಗುವಷ್ಟು ಎತ್ತರಕ್ಕೆ ಹಗ್ಗ ಕಟ್ಟಿರಿ. ಮೊದಲ ವಾರ ಚೆಂಡನ್ನು ಹಗ್ಗದ ಮೇಲಿಂದ ಎಸೆಯುವುದು, ಹಿಡಿಯುವುದು, ಅಷ್ಟೇ. ಆಮೇಲೆ ಹಣೆಯ ಮೇಲೆ ಎರಡು ಕೈಗಳ ಬೆರಳುಗಳಿಂದ ತಳ್ಳುವುದು. ಅನಂತರ ಮುಂಗೈಗಳನ್ನು ಜೋಡಿಸಿ ಎತ್ತುವುದು. ಸರ್ವೀಸನ್ನು ಕೆಳಗಿನಿಂದ, ಹಗ್ಗದ ಸಮೀಪದಿಂದಲೇ ಹೊಡೆಯಲಿ. ಹಾರಿ ಹೊಡೆಯುವ ಸ್ಮ್ಯಾಶಿಗೆ ಅವಸರ ಬೇಡ. ಬೆಳೆಯುವ ವಯಸ್ಸಿನಲ್ಲಿ ಗಟ್ಟಿನೆಲದ ಮೇಲೆ ಪದೇಪದೇ ಜಿಗಿದರೆ ಮೊಣಕಾಲ ಚಿಪ್ಪಿನ ಕೆಳಗೆ ನೋವು ಕಾಣಿಸಿಕೊಳ್ಳುತ್ತದೆ. ಹಾಗಾದಲ್ಲಿ ಕೆಲವು ದಿನ ಜಿಗಿತ ನಿಲ್ಲಿಸಬೇಕು.

ಈ ಆಟದಲ್ಲಿ ಬೆರಳಿಗೆ ಪೆಟ್ಟಾಗುವುದು ಸಾಮಾನ್ಯ. ಕೂಡಲೇ ಬೆರಳನ್ನು ಎಳೆದು ನೆಟಿಗೆ ತೆಗೆಯುವುದು, ಬಿಸಿ ಎಣ್ಣೆ ಹಚ್ಚಿ ತಿಕ್ಕುವುದು ನಮ್ಮಲ್ಲಿ ರೂಢಿ. ಇದನ್ನು ದಯವಿಟ್ಟು ಮಾಡಬೇಡಿರಿ. ಬಿರುಕು ಬಿಟ್ಟ ಮೂಳೆ ಇದರಿಂದ ಸರಿದೀತು. ತಣ್ಣೀರಿನಲ್ಲಿ ಅದ್ದಿ, ಪಕ್ಕದ ಬೆರಳಿಗೆ ಸೇರಿಸಿ ಸಡಿಲವಾಗಿ ಬಟ್ಟೆ ಕಟ್ಟಿ, ಊತ ಹೆಚ್ಚಾದರೆ ಅಥವಾ ಬೆರಳು ಸೊಟ್ಟಗೆ ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತನ್ನಿರಿ. ಆಟಕ್ಕೆ ಇಳಿಯುವ ಮುನ್ನ ಗಾಜಿನ ಬಳೆ, ಉಂಗುರಗಳನ್ನು ತೆಗೆದಿಡುವುದು ಅವಶ್ಯಕ.

ಇನ್ನು ಮಗಳ ವಿಷಯ. ಮೈನೆರೆದ ಹುಡುಗಿ ಜಿಗಿದರೆ ಗರ್ಭಕೋಶ ಜಾರುತ್ತದೆ, ಮುಂದೆ ಹೆರಿಗೆ ಕಷ್ಟವಾಗುತ್ತದೆ ಎಂಬ ಭಯ ಅನೇಕ ತಾಯಂದಿರಲ್ಲಿದೆ. ಇದಕ್ಕೆ ವೈದ್ಯಶಾಸ್ತ್ರದ ಆಧಾರವಿಲ್ಲ. ಓಡಿ ಜಿಗಿದು ಬೆಳೆದವಳ ಮೂಳೆಯೂ ಸ್ನಾಯುವೂ ಬಲಗೊಳ್ಳುತ್ತವೆ. ಮುಟ್ಟಿನ ದಿನಗಳಲ್ಲಿಯೂ ಶುಚಿಯಾದ ಪ್ಯಾಡನ್ನೋ ಬಿಸಿಲಿನಲ್ಲಿ ಒಣಗಿಸಿದ ಬಟ್ಟೆಯನ್ನೋ ಬಳಸಿ ಆಡಬಹುದು, ನೋವಿದ್ದರೆ ವಿಶ್ರಮಿಸಲಿ. ನಿರ್ಧಾರ ಅವಳದಾಗಿರಲಿ. ನಾಲ್ಕು ಜನ ಏನೆಂದಾರು ಎಂಬ ಅಂಜಿಕೆ ಇದ್ದರೆ, ಮೊದಮೊದಲು ತಾಯಿಯೇ ಮೈದಾನದ ಅಂಚಿನಲ್ಲಿ ಹೋಗಿ ಕುಳಿತುಕೊಳ್ಳಬಹುದು. ಯಾರು ಕಲಿಸುತ್ತಾರೆ, ಹೇಗೆ ಕಲಿಸುತ್ತಾರೆ ಎಂಬುದನ್ನು ನೋಡಿದಂತೆಯೂ ಆಗುತ್ತದೆ.

ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಚುರುಕಾಗಿ ಮೈ ದಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ನಮ್ಮ ಹೆಣ್ಣುಮಕ್ಕಳು ನೀರು ಹೊತ್ತು, ಕಸ ಗುಡಿಸಿ ದಣಿಯುವುದಿಲ್ಲವೇ ಎಂದು ನೀವು ಕೇಳಬಹುದು. ದಣಿಯುತ್ತಾರೆ, ಸಂದೇಹವಿಲ್ಲ. ಆದರೆ ಕಂಕುಳಲ್ಲಿ ತಮ್ಮನನ್ನು ಎತ್ತಿಕೊಂಡು, ಇತರರ ಆಟವನ್ನು ಬೇಲಿಯ ಬಳಿ ನಿಂತು ನೋಡುವ ಹುಡುಗಿಯನ್ನು ನೀವೂ ಕಂಡಿದ್ದೀರಿ. ಮಗುವಿನ ಬೆನ್ನಿಗೆ ಮಗು ಹುಟ್ಟಿದ ಮನೆಯಲ್ಲಿ ಹಿರಿಯ ಮಗಳೇ ಎರಡನೆಯ ತಾಯಿಯಾಗುತ್ತಾಳೆ. ಅವಳ ಸಂಜೆ ತೊಟ್ಟಿಲ ಬಳಿ ಕಳೆಯುತ್ತದೆ. ಒಂದು ಮಗುವಿಗೂ ಇನ್ನೊಂದಕ್ಕೂ ಮೂರು ವರ್ಷವಾದರೂ ಅಂತರವಿರಲಿ ಎಂದು ನಾವು ಹೇಳುವಾಗ ಬಾಣಂತಿಯ ಆರೋಗ್ಯವನ್ನಷ್ಟೇ ಎಣಿಸುವುದಿಲ್ಲ, ಈ ಹುಡುಗಿಯ ಸಂಜೆಯನ್ನೂ ಎಣಿಸುತ್ತೇವೆ. ಹದಿನೆಂಟು ತುಂಬುವ ಮೊದಲು ಅವಳ ಮದುವೆ ಕಾನೂನಿಗೆ ವಿರುದ್ಧವೆಂಬುದು ನಿಮಗೆ ತಿಳಿದೇ ಇದೆ.

ಆಡುವ ಮಗುವಿಗೆ ವಿಶೇಷ ಆಹಾರವೇನೂ ಬೇಡ. ರಾಗಿಮುದ್ದೆ, ಸೊಪ್ಪಿನ ಸಾರು, ಕಾಳು, ಹಿಡಿ ಕಡಲೆಕಾಯಿ, ಸಾಧ್ಯವಿದ್ದಲ್ಲಿ ಮೊಟ್ಟೆ ಸಾಕು. ಬೇಗನೆ ಏದುಸಿರು ಬರುತ್ತಿದ್ದು ಕಣ್ಣುರೆಪ್ಪೆಯ ಒಳಭಾಗ ಬಿಳಿಚಿಕೊಂಡಿದ್ದರೆ ರಕ್ತಹೀನತೆಯಿರಬಹುದು. ಆಶಾ ಕಾರ್ಯಕರ್ತೆಗೆ ತಿಳಿಸಿ ಪರೀಕ್ಷೆ ಮಾಡಿಸಿರಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ತಪ್ಪದೆ ನುಂಗಲಿ. ಅದರೊಡನೆ ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಶಾಲೆ ತೆರೆದ ಮೇಲೆ ದೈಹಿಕ ಶಿಕ್ಷಣದ ಮೇಷ್ಟ್ರನ್ನು ಒಮ್ಮೆ ಕಾಣಿರಿ. ಶಾಲಾ ಕ್ರೀಡಾಕೂಟಗಳಲ್ಲಿ ಬಾಲಕಿಯರಿಗೂ ವಾಲಿಬಾಲ್ ಇದೆ. ಹೆಣ್ಣುಮಕ್ಕಳ ತಂಡ ಕಟ್ಟಲು ಆಟಗಾರ್ತಿಯರೇ ಸಾಲದೆ ಹೋಗುವ ಶಾಲೆಗಳಿವೆ. ನಿಮ್ಮ ಮಗಳೊಡನೆ ನೆರೆಮನೆಯ ಹುಡುಗಿಯನ್ನೂ ಕಳುಹಿಸಿರಿ. ಚೆಂಡಿಗೆ ಗಾಳಿ ತುಂಬುವಾಗ ಸೂಜಿಯನ್ನು ಒಂದು ಹನಿ ನೀರಿನಲ್ಲಿ ಒದ್ದೆ ಮಾಡಿಕೊಳ್ಳುವುದನ್ನು ಮರೆಯಬೇಡಿ, ಇಲ್ಲವಾದರೆ ಒಳಗಿನ ಬ್ಲ್ಯಾಡರ್ ಬೇಗನೆ ಹಾಳಾಗುತ್ತದೆ.