ಮೊಳದುದ್ದದ ದೈತ್ಯ



ಜಾತ್ರೆಯ ಗಾರುಡಿ ಗೊಂಬೆಯನ್ನು ನೀವೆಲ್ಲರೂ ಕಂಡೇ ಇರುತ್ತೀರಿ. ನಮ್ಮ ಹಳೆಯ ಮೈಸೂರಿನ ಕಡೆ ಅದನ್ನು ತಟ್ಟಿರಾಯ ಎಂದೂ ಕರೆಯುವುದುಂಟು. ಬಿದಿರಿನ ದಬ್ಬೆಗಳಿಂದ ಹೆಣೆದ ಒಡಲು, ಅದರ ಮೇಲೆ ಬಣ್ಣಬಣ್ಣದ ಬಟ್ಟೆ, ಎಲ್ಲಕ್ಕೂ ಮೇಲೆ ಕಣ್ಣರಳಿಸಿದ ದೊಡ್ಡ ತಲೆ. ಎತ್ತರ ಹತ್ತು ಹನ್ನೆರಡು ಅಡಿ. ಒಬ್ಬ ಮನುಷ್ಯ ಒಳಗೆ ಹೊಕ್ಕು, ಅದನ್ನು ಹೆಗಲ ಮೇಲೆ ಹೊತ್ತು, ವಾದ್ಯದ ಗತ್ತಿಗೆ ಸರಿಯಾಗಿ ಕುಣಿಸುತ್ತಾನೆ.

ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಲ್ಲಿ ನಾನು ಮೊದಲ ಸಲ ಅದನ್ನು ಕಂಡಾಗ ನನಗೆ ಐದೋ ಆರೋ ವರ್ಷ. ಸೋದರಮಾವನ ಹೆಗಲ ಮೇಲೆ ಕುಳಿತಿದ್ದವನು ಅವರ ತಲೆಗೂದಲನ್ನು ಎರಡು ಕೈಯಲ್ಲೂ ಹಿಡಿದು ಅರಚಿಕೊಂಡೆ. ಮಾವ ನನ್ನನ್ನು ಕೆಳಗಿಳಿಸಿ, "ಹೆದರಬೇಡ, ಬಗ್ಗಿ ನೋಡೋ" ಎಂದರು. ಬಗ್ಗಿ ನೋಡಿದೆ. ಬಟ್ಟೆಯ ಅಂಚಿನ ಕೆಳಗೆ ಧೂಳು ಮೆತ್ತಿದ ಎರಡು ಬರಿಗಾಲುಗಳು! ಅಲ್ಲಿಗೆ ಭಯ ಹೋಗಬೇಕಾಗಿತ್ತು. ಆದರೆ ಹೋಗಲಿಲ್ಲ. ತಲೆ ಬಗ್ಗಿಸಿದರೆ ಮನುಷ್ಯ, ತಲೆ ಎತ್ತಿದರೆ ದೈತ್ಯ. ಆ ಸಂಜೆಯೆಲ್ಲ ನಾನು ಎತ್ತುತ್ತಲೂ ಬಗ್ಗಿಸುತ್ತಲೂ ಇದ್ದೆ. ಮಾವ ಮನೆಗೆ ಕರೆದರೂ ಹೊರಡಲಿಲ್ಲ.

ಇಂದು ನಾನು ಹೇಳಹೊರಟಿರುವುದು ಹಳೆಯ ಕಾಲದ ದೈತ್ಯಪ್ರಾಣಿಗಳ ಸಿನಿಮಾಗಳನ್ನು ಕುರಿತು. ಗಣಕಯಂತ್ರದಿಂದ ಬೇಕಾದ ಪ್ರಾಣಿಯನ್ನು ಬೇಕಾದಂತೆ ಓಡಾಡಿಸುವ ಈ ದಿನಗಳಲ್ಲಿ, ತೊಂಬತ್ತು ವರ್ಷಕ್ಕೂ ಹಿಂದಿನ 'ಕಿಂಗ್ ಕಾಂಗ್' ಚಿತ್ರವನ್ನು ಜನ ಇನ್ನೂ ಏಕೆ ನೋಡುತ್ತಾರೆ? ಈ ಪ್ರಶ್ನೆಗೆ ಉತ್ತರ ಆ ಗಾರುಡಿ ಗೊಂಬೆಯ ಕಾಲಿನಲ್ಲಿಯೇ ಇದೆಯೆಂದು ನನಗೆ ತೋರುತ್ತದೆ.

ಮೊದಲು ಈ ವಿದ್ಯೆ ಏನೆಂಬುದನ್ನು ನೋಡೋಣ. ಸಿನಿಮಾ ಎಂಬುದು ಓಡುವ ಚಿತ್ರವಲ್ಲ, ನಿಂತ ಚಿತ್ರಗಳ ಸಾಲು. ಒಂದು ಸೆಕೆಂಡಿಗೆ 24 ಚಿತ್ರಗಳು ನಮ್ಮ ಕಣ್ಣ ಮುಂದೆ ಹಾದುಹೋಗುತ್ತವೆ. ಅವನ್ನು ಒಂದಕ್ಕೊಂದು ಹೊಂದಿಸಿ ಚಲನೆಯೆಂದು ತಿಳಿಯುವುದು ನಮ್ಮ ಮನಸ್ಸು. ಹಾಗಿದ್ದ ಮೇಲೆ ಒಂದು ಗೊಂಬೆಯನ್ನು ನಿಲ್ಲಿಸಿ ಒಂದು ಚಿತ್ರ ತೆಗೆದು, ಅದರ ಕೈಯನ್ನು ಎಳ್ಳಿನಷ್ಟು ಸರಿಸಿ ಇನ್ನೊಂದು ಚಿತ್ರ ತೆಗೆದು, ಹೀಗೆಯೇ ಮುಂದುವರಿದರೆ, ತೆರೆಯ ಮೇಲೆ ಗೊಂಬೆ ತಾನಾಗಿಯೇ ಕೈಯೆತ್ತಿದಂತೆ ಕಾಣುತ್ತದೆ. ಇದಕ್ಕೆ ಸ್ಟಾಪ್ ಮೋಷನ್ ಎಂದು ಹೆಸರು. ಒಂದು ನಿಮಿಷದ ಆಟಕ್ಕೆ 1,440 ಚಿತ್ರಗಳು ಬೇಕು.

ಇದರ ಹತ್ತಿರದ ನಂಟಿನ ವಿದ್ಯೆ ನಮ್ಮ ದೇಶಕ್ಕೆ ಬಹು ಬೇಗನೆ ಬಂದಿತ್ತು. 'ರಾಜಾ ಹರಿಶ್ಚಂದ್ರ' ಚಿತ್ರವನ್ನು 1913ರಲ್ಲಿ ತೆರೆಗೆ ತಂದ ದಾದಾಸಾಹೇಬ ಫಾಲ್ಕೆಯವರು ಅದಕ್ಕೆ ಮುಂಚೆ ಒಂದು ಪುಟ್ಟ ಪ್ರಯೋಗ ಮಾಡಿದರು. ಕುಂಡದಲ್ಲಿ ಬಟಾಣಿ ಕಾಳು ಬಿತ್ತಿ, ಕ್ಯಾಮೆರಾವನ್ನು ಕದಲಿಸದೆ ದಿನದಿನವೂ ಅದರ ಚಿತ್ರ ತೆಗೆದರು. ತೆರೆಯ ಮೇಲೆ ಕಾಳು ನೋಡನೋಡುತ್ತ ಮೊಳೆತು ಬಳ್ಳಿಯಾಯಿತು. ದುಡ್ಡು ಹಾಕುವವರ ನಂಬಿಕೆ ಗಳಿಸಿಕೊಟ್ಟದ್ದು ಆ ಬಟಾಣಿ ಬಳ್ಳಿಯೇ. ಅವರೆಯನ್ನು ಬಿತ್ತಿ ಕಾಯುವುದನ್ನು ಬಲ್ಲ ನಮ್ಮ ರೈತರಿಗೆ ಅದರ ಸೊಗಸು ಬೇಗ ತಿಳಿದೀತು.

ದೈತ್ಯಪ್ರಾಣಿಗಳಲ್ಲಿ ಈ ವಿದ್ಯೆಯನ್ನು ಬೆಳೆಸಿದವನು ಅಮೆರಿಕದ ವಿಲ್ಲಿಸ್ ಓಬ್ರಿಯನ್. ಕಾನನ್ ಡಾಯ್ಲ್ ಅವರ ಕಾದಂಬರಿಯನ್ನು ಆಧರಿಸಿದ 'ದಿ ಲಾಸ್ಟ್ ವರ್ಲ್ಡ್' 1925ರಲ್ಲಿ ಬಂದಿತು. ಅದಕ್ಕೆ ಮುಂಚೆಯೇ, 1922ರಲ್ಲಿ, ಡಾಯ್ಲ್ ಅವರು ಇವನ ಡೈನೋಸಾರ್ ಚಿತ್ರದ ಒಂದು ತುಣುಕನ್ನು ನ್ಯೂಯಾರ್ಕಿನಲ್ಲಿ ಐಂದ್ರಜಾಲಿಕರ ಸಭೆಯೊಂದರಲ್ಲಿ ತೋರಿಸಿದರು. ಅದು ಏನು, ಎತ್ತ ಎಂದು ಆ ರಾತ್ರಿ ಬಿಡಿಸಿ ಹೇಳಲಿಲ್ಲ. ಮೋಡಿ ಮಾಡುವುದೇ ಕಸುಬಾದವರು ಕೂಡ ಬೆರಗಾಗಿ ಕುಳಿತರು. ಮರುದಿನ ಪತ್ರಿಕೆಯಲ್ಲಿ ಅದೊಂದು ಸುದ್ದಿಯೇ ಆಯಿತು.

ಆಮೇಲೆ 1933ರಲ್ಲಿ 'ಕಿಂಗ್ ಕಾಂಗ್' ಬಂದಿತು. ದ್ವೀಪವೊಂದರಿಂದ ಸರಪಳಿ ಬಿಗಿದು ತಂದ ಬೃಹತ್ ಗೊರಿಲ್ಲಾ, ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ತುದಿಗೇರಿ ವಿಮಾನಗಳ ಗುಂಡಿಗೆ ಬಲಿಯಾಗುವ ಕಥೆ. ಆ ದೈತ್ಯನ ನಿಜವಾದ ಎತ್ತರವೆಷ್ಟು ಗೊತ್ತೆ? ಹೆಚ್ಚಿನ ದೃಶ್ಯಗಳಲ್ಲಿ ಬಳಸಿದ ಗೊಂಬೆ ಸುಮಾರು ಒಂದೂವರೆ ಅಡಿ, ಅಂದರೆ ನಮ್ಮ ಲೆಕ್ಕದಲ್ಲಿ ಒಂದು ಮೊಳ. ಒಳಗೆ ಕೀಲುಗಳುಳ್ಳ ಲೋಹದ ಎಲುಬುಗೂಡು, ಮೇಲೆ ರಬ್ಬರು, ಅದರ ಮೇಲೆ ಮೊಲದ ತುಪ್ಪಳ. ಅದನ್ನು ಕಟ್ಟಿದವನು ಮಾರ್ಸೆಲ್ ಡೆಲ್ಗಾಡೊ.

ಆ ಚಿತ್ರದಲ್ಲಿ ಒಂದು ತಪ್ಪುಂಟು. ಪ್ರತಿಯೊಂದು ಚಿತ್ರಕ್ಕೂ ಗೊಂಬೆಯನ್ನು ಮುಟ್ಟಿ ಸರಿಸಬೇಕಷ್ಟೆ. ಮುಟ್ಟಿದ ಕಡೆಯೆಲ್ಲ ತುಪ್ಪಳ ಅಷ್ಟಿಷ್ಟು ಕೆದರಿತು. ಹೀಗಾಗಿ ತೆರೆಯ ಮೇಲೆ ಕಾಂಗ್‌ನ ಮೈಗೂದಲು ಗಾಳಿಯಿಲ್ಲದೆಯೂ ಸಳಸಳ ಅಲುಗುತ್ತದೆ. ತಿಳಿಯದವರು ಅದನ್ನು ಸಿಟ್ಟಿನ ರೋಮಾಂಚವೆಂದು ಭಾವಿಸಬಹುದು. ಆದರೆ ಅದು ಓಬ್ರಿಯನ್ನನ ಬೆರಳಿನ ಗುರುತು. ಗಾರುಡಿ ಗೊಂಬೆಯ ಕೆಳಗಿನ ಬರಿಗಾಲೆಂದರೆ ಇದೇ.

ಇಲ್ಲಿ ನಮ್ಮ ನೆರೆಯ ಗುಬ್ಬಿಯನ್ನು ನೆನೆಯಬೇಕು. ದೊಡ್ಡದನ್ನು ತೋರಿಸಿ ಜನರನ್ನು ಬೆರಗುಗೊಳಿಸುವ ವಿದ್ಯೆಯಲ್ಲಿ ಗುಬ್ಬಿ ವೀರಣ್ಣನವರನ್ನು ಮೀರಿಸಿದವರು ಕಡಿಮೆ. 'ಕಿಂಗ್ ಕಾಂಗ್' ಬಂದ ದಶಕದಲ್ಲಿಯೇ ಅವರ ಕಂಪನಿ 'ಕುರುಕ್ಷೇತ್ರ' ನಾಟಕದಲ್ಲಿ ನಿಜವಾದ ಆನೆ ಕುದುರೆಗಳನ್ನು ರಂಗದ ಮೇಲೆ ತಂದಿತು. ಕಂಡವರು ಅದನ್ನು ಜೀವಮಾನವೆಲ್ಲ ಹೇಳಿಕೊಂಡರು. ಹೇಳಿಕೊಳ್ಳತಕ್ಕದ್ದೇ. ಆದರೆ ಒಂದು ಮಾತು. ರಂಗಕ್ಕೆ ಬಂದ ಆನೆ ಆನೆಯಾಗಿಯೇ ಉಳಿಯುತ್ತದೆ. ನಾವು ಅದರ ಗಾತ್ರಕ್ಕೂ, ಅದನ್ನು ತಂದವರ ಎದೆಗಾರಿಕೆಗೂ ತಲೆದೂಗುತ್ತೇವೆ. ಆ ಆನೆಗೆ ಕಥೆಯ ಸಂಕಟ ತಿಳಿಯದು. ಗೊಂಬೆಗೂ ತಿಳಿಯದು ನಿಜ, ಆದರೆ ಗೊಂಬೆಯನ್ನು ಹಿಡಿದ ಕೈಗೆ ತಿಳಿಯುತ್ತದೆ.

ಎರಡು ಉದಾಹರಣೆ ಕೊಡುತ್ತೇನೆ. ಕಾಂಗ್ ಒಂದು ಘೋರ ಡೈನೋಸಾರನ್ನು ಕೊಲ್ಲುತ್ತದೆ. ಕೊಂದ ಮೇಲೆ ಅದರ ಮುರಿದ ದವಡೆಯನ್ನು ಕೈಯಲ್ಲಿ ಹಿಡಿದು ಲಟಲಟನೆ ಆಡಿಸಿ ನೋಡುತ್ತದೆ, ಸತ್ತಿದೆಯೋ ಇಲ್ಲವೋ ಎಂದು ಮಗು ನೋಡಿದ ಹಾಗೆ. ಕಡೆಯಲ್ಲಿ ಗುಂಡು ತಾಗಿದಾಗ ತನ್ನ ಎದೆಯನ್ನು ಮುಟ್ಟಿಕೊಂಡು, ಆ ಬೆರಳನ್ನು ನೋಡಿಕೊಳ್ಳುತ್ತದೆ. ತನಗೆ ಏನಾಯಿತೆಂದು ಅದಕ್ಕೆ ತಿಳಿಯದು. ಇಂಥ ಚೇಷ್ಟೆಗಳನ್ನು ಗೊಂಬೆ ತಾನಾಗಿ ಮಾಡಲಾರದು. ಬಿಸಿ ದೀಪಗಳ ಕೆಳಗೆ ನಿಂತು, ಎಳ್ಳೆಳ್ಳಷ್ಟಾಗಿ ಬೆರಳನ್ನು ಸರಿಸುತ್ತಿದ್ದ ಮನುಷ್ಯನೊಬ್ಬ, ಸಾಯುತ್ತಿರುವ ಪ್ರಾಣಿ ಏನು ಮಾಡೀತೆಂದು ಯೋಚಿಸಿದ್ದಾನೆ. ಆ ಯೋಚನೆ ನಮ್ಮನ್ನು ಮುಟ್ಟುತ್ತದೆ. ಊರನ್ನೇ ತುಳಿದ ದೈತ್ಯ ಬಿದ್ದಾಗ ನಮಗೆ ಸಂತೋಷವಾಗುವುದಿಲ್ಲ. ನಮಗೇನೂ ಇದು ಹೊಸತಲ್ಲ. ಅಣ್ಣನಿಗಾಗಿ ಮಡಿದ ಕುಂಭಕರ್ಣನಿಗೂ, ತಂದೆಯ ಪಕ್ಷಕ್ಕಾಗಿ ಮಡಿದ ಘಟೋತ್ಕಚನಿಗೂ ಮರುಗಿದ ಜನ ನಾವು.

ಈ 'ಕಿಂಗ್ ಕಾಂಗ್' ಚಿತ್ರವನ್ನು 1933ರಲ್ಲಿ ಲಾಸ್ ಏಂಜಲೀಸಿನಲ್ಲಿ ಹದಿಮೂರು ವರ್ಷದ ಹುಡುಗನೊಬ್ಬ ನೋಡಿದ. ಅವನೇ ರೇ ಹ್ಯಾರಿಹೌಸೆನ್. ಮುಂದೆ ಓಬ್ರಿಯನ್ನನನ್ನು ಹುಡುಕಿಕೊಂಡು ಹೋಗಿ, 1949ರ 'ಮೈಟಿ ಜೋ ಯಂಗ್' ಚಿತ್ರದಲ್ಲಿ ಅವನ ಕೈಕೆಳಗೆ ದುಡಿದ. ಗುರುವಿನ ವಿದ್ಯೆ ಶಿಷ್ಯನ ಕೈಗೆ ಹಾಗೆ ಬಂದಿತು. ಸಿಂದಬಾದನ ಕಥೆಯ ಒಕ್ಕಣ್ಣ ರಾಕ್ಷಸನನ್ನು 1958ರಲ್ಲಿ ಅವನು ತೆರೆಯ ಮೇಲೆ ನಡೆಸಿದ. 1963ರ 'ಜೇಸನ್ ಅಂಡ್ ದಿ ಆರ್ಗೊನಾಟ್ಸ್' ಚಿತ್ರದಲ್ಲಿ ಏಳು ಅಸ್ಥಿಪಂಜರಗಳು ಮೂವರು ವೀರರೊಡನೆ ಕತ್ತಿ ಝಳಪಿಸುತ್ತವೆ. ಕೆಲವೇ ನಿಮಿಷದ ಆ ಕಾಳಗಕ್ಕೆ ಹಿಡಿದದ್ದು ನಾಲ್ಕೂವರೆ ತಿಂಗಳು. ಬೆಳಗಿನಿಂದ ಸಂಜೆಯವರೆಗೆ ದುಡಿದರೂ ಅರ್ಧ ಸೆಕೆಂಡಿನಷ್ಟು ಆಟ ಮಾತ್ರ ದೊರೆತ ದಿನಗಳುಂಟು.

ಎಲ್ಲವನ್ನೂ ಹೊಗಳಬೇಕಾಗಿಲ್ಲ. 1973ರ ಸಿಂದಬಾದನ ಚಿತ್ರವೊಂದರಲ್ಲಿ ಹ್ಯಾರಿಹೌಸೆನ್ ಕಾಳಿಯ ಪ್ರತಿಮೆಯೊಂದನ್ನು ಆರು ಕೈಗಳಲ್ಲೂ ಕತ್ತಿ ಕೊಟ್ಟು ಕಾದಾಡಿಸುತ್ತಾನೆ. ಆರು ಕೈಗಳ ಲೆಕ್ಕ ತಪ್ಪದೆ ಅದನ್ನು ಆಡಿಸಿದ ಸಹನೆಗೆ ಕೈಮುಗಿಯಬೇಕು. ಆದರೆ ದೇವಿಯನ್ನು ಮಂತ್ರವಾದಿಯ ಆಳಿನಂತೆ ಕುಣಿಸಿದ್ದನ್ನು ನಮ್ಮ ಮನಸ್ಸು ಒಪ್ಪದು. 'ಕಿಂಗ್ ಕಾಂಗ್'ನಲ್ಲಿಯೂ ದ್ವೀಪದ ಜನರನ್ನು ಕಾಡುಜನರೆಂದು ಹೀಗಳೆದು ಚಿತ್ರಿಸಿದ್ದುಂಟು. ಕೈ ಕುಶಲವಾಗಿದ್ದ ಮಾತ್ರಕ್ಕೆ ಕಣ್ಣು ನಿಷ್ಪಕ್ಷಪಾತವಾಗಿರಬೇಕೆಂದಿಲ್ಲ.

ಈ ವಿದ್ಯೆಗೆ ಪೆಟ್ಟು ಬಿದ್ದದ್ದು 1993ರಲ್ಲಿ. 'ಜುರಾಸಿಕ್ ಪಾರ್ಕ್' ಚಿತ್ರಕ್ಕೆ ಗೊಂಬೆ ಡೈನೋಸಾರುಗಳನ್ನು ಆಡಿಸಲು ಫಿಲ್ ಟಿಪ್ಪೆಟ್ ಎಂಬ ನಿಪುಣನನ್ನು ಗೊತ್ತುಮಾಡಲಾಗಿತ್ತು. ಅಷ್ಟರಲ್ಲಿ ಗಣಕಯಂತ್ರದ ಡೈನೋಸಾರು ಸಿದ್ಧವಾಗಿ ಬಂದು ಅವನ ಗೊಂಬೆಗಳ ಜಾಗವನ್ನು ಹಿಡಿಯಿತು. ಆದರೆ ಗಮನಿಸಿ: ಟಿಪ್ಪೆಟ್ಟನನ್ನು ಅವರು ಮನೆಗೆ ಕಳುಹಿಸಲಿಲ್ಲ. ಪ್ರಾಣಿ ಹೇಗೆ ಭಾರ ಹೊತ್ತು ಹೆಜ್ಜೆಯಿಡುತ್ತದೆ, ಹೇಗೆ ತಿರುಗಿ ನೋಡುತ್ತದೆ ಎಂಬುದು ಯಂತ್ರಕ್ಕೆ ಗೊತ್ತಿರಲಿಲ್ಲ. ಕೀಲುಗಳಿಗೆ ವಿದ್ಯುತ್ ತಂತಿಗಳನ್ನು ಸೇರಿಸಿದ ಗೊಂಬೆಯ ಎಲುಬುಗೂಡೊಂದನ್ನು ಮಾಡಿ, ಗೊಂಬೆಯಾಟದವರು ಅದನ್ನು ಕೈಯಿಂದ ಸರಿಸಿದಂತೆ ಗಣಕಯಂತ್ರ ಕಲಿಯುವ ಏರ್ಪಾಡು ಮಾಡಿದರು. ಯಂತ್ರವೂ ಕೆಲವು ದೃಶ್ಯಗಳಿಗೆ ಕೈಯ ಶಿಷ್ಯನಾಗಬೇಕಾಯಿತು.

ಕಳೆದ ದಸರೆಯ ರಜೆಯಲ್ಲಿ ನನ್ನ ಮೊಮ್ಮಗನಿಗೆ 'ಕಿಂಗ್ ಕಾಂಗ್' ತೋರಿಸಿದೆ. ಮೊದಲ ಹದಿನೈದು ನಿಮಿಷ ಅವನು ಆಕಳಿಸಿದ. ಕಾಂಗ್ ಕಾಣಿಸಿಕೊಂಡಾಗ ನಕ್ಕ. "ತಾತ, ಇದು ಗೊಂಬೆ ಅಲ್ವಾ? ಕೂದಲು ನೋಡಿ, ಹೇಗೆ ಅಲ್ಲಾಡುತ್ತೆ!" ಎಂದ. ಹೌದಪ್ಪ, ಗೊಂಬೆಯೇ ಎಂದೆ. ನನ್ನ ಮನಸ್ಸಿಗೆ ಸ್ವಲ್ಪ ನೋವಾಯಿತೆಂದೇ ಹೇಳಬೇಕು. ನಾವು ಬೆರಗಾದದ್ದಕ್ಕೆ ಮಕ್ಕಳು ನಗುವಾಗ, ನಮ್ಮ ಬಾಲ್ಯವನ್ನೇ ಅವರು ಪಕ್ಕಕ್ಕೆ ಸರಿಸಿದಂತಾಗುತ್ತದೆ. ಆದರೆ ಕಡೆಯ ದೃಶ್ಯಕ್ಕೆ ಬರುವ ಹೊತ್ತಿಗೆ ಹುಡುಗನ ನಗು ನಿಂತಿತ್ತು. ಕಾಂಗ್ ತನ್ನ ಬೆರಳನ್ನು ನೋಡಿಕೊಂಡಾಗ, "ಪಾಪ, ಅದಕ್ಕೆ ಗೊತ್ತಾಗ್ತಿಲ್ಲ" ಎಂದ, ಅಷ್ಟೆ.

ಮರುದಿನ ಊಟದ ಹೊತ್ತಿಗೆ ಎಷ್ಟು ಕರೆದರೂ ಅವನು ಬರಲಿಲ್ಲ. ಹೋಗಿ ನೋಡಿದರೆ, ದಸರೆಯ ಬೊಂಬೆಗಳ ಮೆಟ್ಟಿಲಿನಿಂದ ಚನ್ನಪಟ್ಟಣದ ಮರದ ಕುದುರೆಯೊಂದನ್ನು ಇಳಿಸಿಕೊಂಡು, ನೆಲದ ಮೇಲೆ ಬೋರಲಾಗಿ ಮಲಗಿದ್ದಾನೆ. ಅವನಮ್ಮನ ಫೋನನ್ನು ಎರಡು ಪುಸ್ತಕಗಳ ನಡುವೆ ನಿಲ್ಲಿಸಿದ್ದಾನೆ. ಕುದುರೆಯನ್ನು ಎಳ್ಳಿನಷ್ಟು ಸರಿಸುವುದು, ಕೈ ಹಿಂದಕ್ಕೆ ತೆಗೆಯುವುದು, ಒಂದು ಚಿತ್ರ. ಮತ್ತೆ ಸರಿಸುವುದು, ಮತ್ತೊಂದು ಚಿತ್ರ. ಅನ್ನ ಆರಿ ತಣ್ಣಗಾಯಿತು. ಎರಡು ಗಂಟೆಯ ಮೇಲೆ ಅವನು ನಮ್ಮೆಲ್ಲರನ್ನೂ ಕರೆದು ಕೂರಿಸಿ ತೋರಿಸಿದ. ಕುದುರೆ ತಡವರಿಸುತ್ತ, ಕುಂಟುತ್ತ, ನಾಲ್ಕು ಸೆಕೆಂಡು ನಡೆಯಿತು. ನಡುವೆ ಒಂದು ಕಡೆ ಹುಡುಗನ ಹೆಬ್ಬೆರಳೂ ಕಾಣಿಸಿತು.

ಆ ಹೆಬ್ಬೆರಳಿರುವ ಚಿತ್ರವನ್ನು ತೆಗೆದುಹಾಕಿಬಿಡುತ್ತೇನೆಂದು ಅವನು ಹೊರಟ. ಬೇಡವೆಂದು ನಾನೇ ತಡೆದೆ.