ಪೇಟೆಂಟ್ ದಾಖಲೆ ಹೇಳುವ ಸಾಕ್ಷ್ಯ

ಶಿಕಾರಿಪುರ, ಸೊರಬದ ವಿದ್ಯಾರ್ಥಿ ಮಿತ್ರರೇ,

ಓದು ಮುಗಿದ ಮೇಲೆ ನಿಮ್ಮಲ್ಲಿ ಹಲವರು ಕೆಲಸ ಹುಡುಕಿಕೊಂಡು ಬೆಂಗಳೂರಿನ ಬಸ್ಸು ಹತ್ತುವವರೇ. ಅಲ್ಲಿ ಬಹಳಷ್ಟು ಕಂಪನಿಗಳ ಜಾಹೀರಾತಿನಲ್ಲಿ 'ಸಂಶೋಧನೆ' ಎಂಬ ಮಾತಿರುತ್ತದೆ. ಆದರೆ ನಿಜವಾಗಿ ಹೊಸದನ್ನು ಕಂಡುಹಿಡಿಯುವವರು ಯಾರು, ಬೇರೆಯವರ ಸರಕಿಗೆ ತಮ್ಮ ಹೆಸರಿನ ಚೀಟಿ ಅಂಟಿಸುವವರು ಯಾರು? ಇದನ್ನು ತಿಳಿಯದೆ ಕೆಲಸಕ್ಕೆ ಸೇರಿದರೆ ಕಲಿತ ವಿಜ್ಞಾನ ಮೂಲೆಗೆ ಬಿದ್ದೀತು. ಷೇರು ಕೊಂಡರೆ ಮನೆಯ ಅಡಿಕೆ ದುಡ್ಡು ಕರಗೀತು. ಪರೀಕ್ಷಿಸಲು ಒಂದು ಒಳ್ಳೆಯ ದಾರಿ ಪೇಟೆಂಟ್ ದಾಖಲೆ.

ಪೇಟೆಂಟ್ ಎಂದರೆ ಒಂದು ಕೊಡುಕೊಳುವಿಕೆ. ಶೋಧಕರು ತಮ್ಮ ಶೋಧವನ್ನು, ಬಲ್ಲವರು ಓದಿ ಮಾಡಿ ನೋಡುವಷ್ಟು ಸ್ಪಷ್ಟವಾಗಿ ಬರೆದುಕೊಡಬೇಕು. ಪ್ರತಿಯಾಗಿ, ಅನುಮತಿ ಇಲ್ಲದೆ ಇತರರು ಅದನ್ನು ಬಳಸದಂತೆ ತಡೆಯುವ ಹಕ್ಕು ದೊರೆಯುತ್ತದೆ. ಅದರ ಅವಧಿ ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷ. ಅರ್ಜಿಯು ಸಾಮಾನ್ಯವಾಗಿ 18 ತಿಂಗಳ ನಂತರ ಪ್ರಕಟವಾಗುತ್ತದೆ. ಕರ್ನಾಟಕ ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಸೇರಿದೆ. ಭಾರತೀಯ ಪೇಟೆಂಟ್ ಕಚೇರಿಯ ಅಂತರಜಾಲ ತಾಣದಲ್ಲಿ ಕಂಪನಿಯ ಹೆಸರು ಕೊಟ್ಟು ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು.

ನಿಮ್ಮ ಬಳ್ಳಿಗಾವಿಯ ಶಾಸನಗಳನ್ನು ನೆನೆಯಿರಿ. ಹಳೆಯ ದಾನಶಾಸನಗಳಲ್ಲಿ ಕೊಟ್ಟ ಭೂಮಿಯ ಎಲ್ಲೆಯನ್ನು ದಿಕ್ಕು ದಿಕ್ಕಿಗೂ ಗುರುತಿಸಿ ಹೇಳುವುದುಂಟು. ಪೇಟೆಂಟಿನ ಕೊನೆಯಲ್ಲಿ ಬರುವ 'ಹಕ್ಕೊತ್ತಾಯ'ಗಳೂ ಹಾಗೆಯೇ. ಶೋಧದ ಎಲ್ಲೆ ಎಲ್ಲಿಯವರೆಗೆ ಎಂಬುದನ್ನು ಅವು ಹೇಳುತ್ತವೆ. ಮೊದಲು ಓದಬೇಕಾದದ್ದು ಅವನ್ನೇ.

ಒಂದು ಉದಾಹರಣೆ ನೋಡೋಣ. ಕಿರಣ್ ಮಜುಂದಾರ್ ಷಾ ಅವರು 1978ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಬಯೋಕಾನ್ ಮೊದಲು ಪರಂಗಿ ಹಣ್ಣಿನಿಂದ ಪಪೈನ್‌ನಂಥ ಕಿಣ್ವಗಳನ್ನು ತಯಾರಿಸುತ್ತಿತ್ತು. ತೇವಗೊಳಿಸಿದ ತೌಡಿನಂಥ ಪದಾರ್ಥದ ಮೇಲೆ ಸೂಕ್ಷ್ಮಜೀವಿಗಳನ್ನು ಬೆಳೆಸುವುದು ಹಳೆಯ ವಿದ್ಯೆ. ಆದರೆ ದೊಡ್ಡ ಪ್ರಮಾಣದಲ್ಲಿ ಬೆಳೆಸಿದಾಗ ಒಳಗೆ ಶಾಖ ಕಟ್ಟಿಕೊಳ್ಳುತ್ತದೆ, ಬೇಡದ ಜೀವಿಗಳೂ ಸೇರಿಕೊಳ್ಳುತ್ತವೆ. ಈ ಕೆಲಸಕ್ಕೆಂದು ಕಂಪನಿ ತಾನೇ ರೂಪಿಸಿದ 'ಪ್ಲಾಫ್ರಾಕ್ಟರ್' ಎಂಬ ಸಾಧನಕ್ಕೆ 2001ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ಒಂದು ಕಷ್ಟವನ್ನು ಗುರುತಿಸಿ ಪರಿಹಾರ ಕಂಡುಕೊಳ್ಳುವ ಕಂಪನಿಯ ಲಕ್ಷಣ ಇದು.

ದಾಖಲೆ ಕೈಗೆ ಬಂದಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಇದು ಬರೀ ಅರ್ಜಿಯೋ, ಪರೀಕ್ಷೆಯಾಗಿ ಮಂಜೂರಾದ ಪೇಟೆಂಟೋ? ಅರ್ಜಿಯನ್ನು ಯಾರೂ ಹಾಕಬಹುದು. ಅರ್ಜಿದಾರ ಯಾರು, ಶೋಧಕರ ವಿಳಾಸ ಯಾವುದು? ವಿದೇಶಿ ಕಂಪನಿಯ ಬೆಂಗಳೂರು ಪ್ರಯೋಗಾಲಯದಲ್ಲಿ ನಡೆದ ಕೆಲಸಕ್ಕೆ ಹಕ್ಕುದಾರ ಪರದೇಶದಲ್ಲಿರಬಹುದು. ಅದೇ ಶೋಧಕರ ಹೆಸರು ವರ್ಷ ವರ್ಷವೂ ಬರುತ್ತಿದೆಯೇ? ಬಂದರೆ ಅಲ್ಲಿ ನೆಲೆನಿಂತ ತಂಡವಿದೆ ಎನ್ನಬಹುದು. ನವೀಕರಣ ಶುಲ್ಕ ಕಟ್ಟುತ್ತಿದ್ದಾರೆಯೇ? ಕಟ್ಟದಿದ್ದರೆ ಹಕ್ಕು ಬಿದ್ದುಹೋಗುತ್ತದೆ; ತನಗೆ ಬೆಲೆಯಿಲ್ಲದ್ದಕ್ಕೆ ಯಾವ ಕಂಪನಿಯೂ ವರ್ಷಗಟ್ಟಲೆ ಹಣ ಕಟ್ಟುವುದಿಲ್ಲ.

ಆದರೂ ಎಣಿಕೆಯೊಂದನ್ನೇ ನಂಬಬೇಡಿ. 1970ರ ಪೇಟೆಂಟ್ ಕಾಯಿದೆಯಲ್ಲಿ ಔಷಧಿಯ ತಯಾರಿಕಾ ವಿಧಾನಕ್ಕೆ ಮಾತ್ರ ಪೇಟೆಂಟ್ ಇತ್ತು. ಔಷಧಿಗೇ ಪೇಟೆಂಟ್ ಕೊಡುವ ತಿದ್ದುಪಡಿ ಜಾರಿಗೆ ಬಂದದ್ದು 2005ರ ಜನವರಿ 1ರಿಂದ. ಹಾಗಾಗಿ ಹಳೆಯ ಔಷಧ ಕಂಪನಿಗಳ ಜಾಣ್ಮೆಯನ್ನು ವಿಧಾನದ ಪೇಟೆಂಟುಗಳಲ್ಲಿ ಹುಡುಕಬೇಕು. ಕೆಲವರು ಶೋಧವನ್ನು ಗುಟ್ಟಾಗಿಯೇ ಇಟ್ಟುಕೊಳ್ಳುತ್ತಾರೆ. ಕಂಪನಿಯ ವಾರ್ಷಿಕ ವರದಿಯಲ್ಲಿ ಸಂಶೋಧನೆಗೆ ಎಷ್ಟು ಖರ್ಚಾಗಿದೆ ಎಂಬುದನ್ನೂ ಪಕ್ಕದಲ್ಲಿಟ್ಟು ನೋಡಿ.

ಇನ್ನು ನಿಮ್ಮ ಊರಿನ ಮಾತು. ನಮ್ಮ ಕಾಯಿದೆಯಲ್ಲಿ ಬೇಸಾಯದ ವಿಧಾನಕ್ಕೆ ಪೇಟೆಂಟ್ ಇಲ್ಲ. ಅಡಿಕೆ ಸುಲಿಯುವ ಹೊಸ ಯಂತ್ರಕ್ಕೆ ದೊರೆಯಬಹುದು. ನಿಮ್ಮಲ್ಲಿ ಯಾರಾದರೂ ಅಂಥದ್ದನ್ನು ಮಾಡಿದರೆ, ಅರ್ಜಿ ಸಲ್ಲಿಸುವ ಮುನ್ನ ಮೇಳದಲ್ಲಾಗಲಿ ಪತ್ರಿಕೆಯಲ್ಲಾಗಲಿ ಬಹಿರಂಗಪಡಿಸಬೇಡಿ. ಆಗ ಅದು ಹೊಸದೆಂಬ ಹಕ್ಕೇ ಕೈತಪ್ಪಬಹುದು.

ಈ ವಾರ ಇಷ್ಟು ಮಾಡಿ. ನೀವು ಹೆಸರು ಕೇಳಿರುವ ಒಂದು ಭಾರತೀಯ ಕಂಪನಿಯನ್ನು ಆರಿಸಿ, ಅದರ ಒಂದು ಪೇಟೆಂಟಿನ ಮೊದಲ ಹಕ್ಕೊತ್ತಾಯವನ್ನು ನಿಮ್ಮ ವಿಜ್ಞಾನದ ಮೇಷ್ಟರೊಡನೆ ಕುಳಿತು ಓದಿ, ಕನ್ನಡದಲ್ಲಿ ನಾಲ್ಕು ಸಾಲು ಬರೆಯಿರಿ. ಆಮೇಲೆ ಅದೇ ಕಂಪನಿಯ ಜಾಹೀರಾತನ್ನು ಪಕ್ಕದಲ್ಲಿಟ್ಟುಕೊಂಡು ಎರಡನ್ನೂ ಹೋಲಿಸಿ ನೋಡಿ.