ಮಗ್ಗ ನಿಲ್ಲದಿರಲಿ



ವರ್ಷದ ಕೊನೆಗೆ ಲೆಕ್ಕದ ಪುಸ್ತಕ ತೆರೆದಾಗ ಕೆಲವೊಮ್ಮೆ ಎದೆ ಧಸಕ್ಕೆನ್ನುತ್ತದೆ. ದುಡಿಮೆಯಲ್ಲಿ ಕೊರತೆ ಮಾಡಿರುವುದಿಲ್ಲ, ಆದರೂ ಕೈಗೆ ಹತ್ತಿದ್ದು ಏನೂ ಇಲ್ಲ. ಮರುದಿನ ಅಂಗಡಿಯ ಬಾಗಿಲು ತೆರೆಯುವ ಉಮೇದೇ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಕೇರಳದ ಚೇಂದಮಂಗಲಂ ನೇಕಾರರನ್ನು ನೆನೆಯಬೇಕು.

ಕೊಚ್ಚಿಯಿಂದ ಉತ್ತರಕ್ಕೆ, ಪರವೂರಿನ ಹತ್ತಿರದ ಊರದು. ಅಲ್ಲಿ ಕೈಮಗ್ಗ ಹೂಡಿದವರು ಕರ್ನಾಟಕ ಮೂಲದ ದೇವಾಂಗ ನೇಕಾರರು. ಕೊಚ್ಚಿ ಅರಸರ ಮಂತ್ರಿಗಳಾಗಿದ್ದ ಪಾಲಿಯಂ ಮನೆತನ ಅವರಿಗೆ ಆಶ್ರಯ ಕೊಟ್ಟಿತು. ‘ಕಸವು’ ಎಂಬ ಜರಿಯಂಚಿನ ಸೀರೆ, ಮುಂಡುಗಳಿಗೆ ಊರು ಹೆಸರಾಯಿತು. ಓಣಂ ಅವರಿಗೆ ವರ್ಷದ ದೊಡ್ಡ ವ್ಯಾಪಾರ. ತಿಂಗಳುಗಟ್ಟಲೆ ನೇಯ್ದದ್ದು ಆ ಕೆಲವೇ ದಿನಗಳಲ್ಲಿ ಖರ್ಚಾಗಬೇಕು.

2018ರಲ್ಲಿ ಓಣಂ ಆಗಸ್ಟ್ 25ಕ್ಕೆ ಬಂದಿತ್ತು. ಅದರ ಹೊಸ್ತಿಲಲ್ಲೇ ಪೆರಿಯಾರ್ ನದಿ ಉಕ್ಕಿ ಹರಿಯಿತು. ಮಗ್ಗಗಳು ಕೆಸರಲ್ಲಿ ಹೂತವು, ನೂಲು ಹಾಳಾಯಿತು, ಹಬ್ಬಕ್ಕೆಂದು ಮಡಿಸಿಟ್ಟ ಬಟ್ಟೆಗೆಲ್ಲ ಕಲೆ ಹಿಡಿಯಿತು. ವರ್ಷದ ಗಳಿಕೆ ಒಂದೇ ವಾರದಲ್ಲಿ ನೀರುಪಾಲು.

ಸುಟ್ಟುಹಾಕಲು ಹೊರಟಿದ್ದ ಆ ಬಟ್ಟೆಯನ್ನು ಲಕ್ಷ್ಮಿ ಮೆನನ್ ಮತ್ತು ಗೋಪಿನಾಥ್ ಪಾರಯಿಲ್ ಎಂಬಿಬ್ಬರು ಕೇಳಿ ಪಡೆದರು. ಅದನ್ನು ತೊಳೆದು, ಶುದ್ಧಿ ಮಾಡಿ, ತುಂಡು ತುಂಡಾಗಿ ಕತ್ತರಿಸಿ, ಸುತ್ತಿ, ದಾರ ಬಿಗಿದು ಪುಟ್ಟ ಗೊಂಬೆ ಮಾಡಿಸಿದರು. ಹೆಸರು ಚೇಕುಟ್ಟಿ, ಬೆಲೆ 25 ರೂಪಾಯಿ. ಕೆಸರಿನ ಕಲೆಯನ್ನು ಮುಚ್ಚಿಡಲಿಲ್ಲ. ಸಾವಿರದ ಮುನ್ನೂರು ರೂಪಾಯಿಗೆ ಹೋಗಬಹುದಾಗಿದ್ದ ಒಂದು ಸೀರೆಯಿಂದ 360 ಗೊಂಬೆ, ಅಂದರೆ 9,000 ರೂಪಾಯಿ! ಗೊಂಬೆ ಕಟ್ಟಲು ಎಲ್ಲೆಲ್ಲಿಂದಲೋ ಸ್ವಯಂಸೇವಕರು ಮುಂದೆ ಬಂದರು. ನಷ್ಟವೆಲ್ಲ ಅದರಿಂದಲೇ ತುಂಬಿತೆಂದಲ್ಲ. ಆದರೆ ಊರಿನ ಕಷ್ಟ ನಾಡಿಗೆ ಗೊತ್ತಾಯಿತು, ನೆರವು ಹರಿದುಬಂತು, ಮಗ್ಗಗಳು ಒಂದೊಂದಾಗಿ ಮತ್ತೆ ಸದ್ದು ಮಾಡಿದವು.

ಹಬ್ಬವೊಂದನ್ನೇ ನೆಚ್ಚಿ ಕೂತರೆ ಏನಾಗುತ್ತದೆ ಎಂಬುದನ್ನೂ ಆ ವರ್ಷ ತೋರಿಸಿತು. ಅದಕ್ಕೂ ಮೊದಲೇ, 2017ರಲ್ಲಿ, ಕೇರಳ ಸರ್ಕಾರ ಶಾಲಾ ಮಕ್ಕಳಿಗೆ ಕೈಮಗ್ಗದ ಸಮವಸ್ತ್ರ ಕೊಡತೊಡಗಿತ್ತು. ಕೂಲಿ ತಡವಾಗುವ ದೂರುಗಳಿವೆ, ನಿಜ. ಆದರೂ ತಿರುವನಂತಪುರದ ಬಳಿಯ ಬಾಲರಾಮಪುರದಂಥ ನೇಕಾರರ ಊರುಗಳಿಗೆ ಹಬ್ಬವಿಲ್ಲದ ತಿಂಗಳಲ್ಲೂ ಕೆಲಸವೆಂಬುದು ಸಿಕ್ಕಿತು.

ಉಮೇದು ಬರಲಿ, ಆಮೇಲೆ ಕೆಲಸ ಶುರುಮಾಡೋಣ ಎಂದು ಕಾದರೆ ಅದು ಬರುವುದೇ ಇಲ್ಲ. ಕೈ ಕೆಲಸಕ್ಕೆ ಇಳಿದರೆ ಮನಸ್ಸು ತಾನೇ ಹಿಂಬಾಲಿಸುತ್ತದೆ. ಹೋದದ್ದರ ಲೆಕ್ಕ ಒಮ್ಮೆ ಬರೆದು ಮುಗಿಸಿ. ನಂತರ ಉಳಿದದ್ದರ ಲೆಕ್ಕ ಬರೆಯಿರಿ: ಕಲಿತ ಕಸುಬು, ನಂಬಿದ ಗಿರಾಕಿ, ಜೊತೆಗಿರುವ ಜನ. ನೆರವು ಕೇಳಲು ನಾಚಬೇಡಿ. ಎಲ್ಲವನ್ನೂ ಒಂದೇ ಹಂಗಾಮಿಗೆ ಒತ್ತೆಯಿಡಬೇಡಿ.

ಒಂದು ವರ್ಷ ಸೋತಿರಬಹುದು, ನಿಮ್ಮ ಕಸುಬು ಸೋತಿಲ್ಲ. ಇವತ್ತು ಆಗುವಷ್ಟು ಕೆಲಸವನ್ನು ಇವತ್ತೇ ಶುರುಮಾಡಿ.